ಐಸ್ ಇಟ್ಟ ಕೈ

ಫಲಿತಾಂಶದ ಹಾಳೆಯಲ್ಲಿ 51 ಎಂದಿತ್ತು. ಪಾಸಾಗಲು 55 ಬೇಕು. 165 ಪ್ರಶ್ನೆ, ಮೂರು ಗಂಟೆ ಸಮಯ. ನಾನು ಎರಡೂಕಾಲು ಗಂಟೆಗೇ ಮುಗಿಸಿ ಎದ್ದಿದ್ದೆ. ಕಾರಿನಲ್ಲಿ ಕೂತವಳಿಗೆ ಮನೆಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ. ಊರಲ್ಲಿ ಅಮ್ಮ ದೇವಸ್ಥಾನದಲ್ಲಿ ಹಣ್ಣುಕಾಯಿ ಮಾಡಿಸಿ ಕಾದಿದ್ದಳು.

ನಾನು ಕೊಪ್ಪದ ಹತ್ತಿರದ ಹಳ್ಳಿಯವಳು. ಜಿಎನ್‌ಎಂ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಆಸ್ಪತ್ರೆಯ ಕಿಮೋ ವಾರ್ಡಿನಲ್ಲಿ ಹನ್ನೊಂದು ವರ್ಷ ದುಡಿದೆ. ಅಮೆರಿಕಕ್ಕೆ ಬಂದ ಮೇಲೂ ಅದೇ ಕೆಲಸ. ಇಲ್ಲಿ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ನರ್ಸ್‌ಗಳಿಗೆ ಓಸಿಎನ್ ಎಂಬ ಪ್ರಮಾಣಪತ್ರವಿದೆ. ನಾನು ಫೇಲಾದದ್ದು ಅದರಲ್ಲೇ. 1986ರಿಂದ ನಡೆದುಬಂದಿರುವ ಪರೀಕ್ಷೆ ಅದು. ಕೂರಬೇಕಾದರೆ ಹಿಂದಿನ ನಾಲ್ಕು ವರ್ಷಗಳಲ್ಲಿ ಕನಿಷ್ಠ 2,000 ಗಂಟೆ ಕ್ಯಾನ್ಸರ್ ಆರೈಕೆ ಮಾಡಿರಬೇಕು. ಬೆಂಗಳೂರಿನದ್ದೂ ಸೇರಿದರೆ ನನ್ನ ಗಂಟೆಗಳು ಅದರ ಹತ್ತು ಪಟ್ಟು ದಾಟುತ್ತಿದ್ದವು. ಪುಸ್ತಕವನ್ನು ಮೇಲೆ ಮೇಲೆ ತಿರುವಿಹಾಕಿ ಹೋಗಿದ್ದೆ.

ಓದನ್ನು ಹಗುರವಾಗಿ ಕಂಡದ್ದು ಇದೇ ಮೊದಲಲ್ಲ. ಬೆಂಗಳೂರಿನಲ್ಲಿದ್ದಾಗ ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಕರೆದು, ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಒಂದು ವರ್ಷದ ಆಂಕಾಲಜಿ ಡಿಪ್ಲೊಮಾ ಇದೆ, ಮಾಡು ಅಂದಿದ್ದರು. ‘ದಿನಾ ಮಾಡೋ ಕೆಲಸಾನೇ ಅಲ್ವಾ ಮೇಡಂ, ಹೊಸದಾಗಿ ಏನು ಕಲಿಸ್ತಾರೆ’ ಅಂದು ಬಂದಿದ್ದೆ. ಅವರು ಎರಡನೇ ಸಲ ಕೇಳಲಿಲ್ಲ.

ಫಲಿತಾಂಶದ ಹಾಳೆ ಬರೀ ಅಂಕ ಹೇಳಿ ಸುಮ್ಮನಾಗುವುದಿಲ್ಲ, ಯಾವ ವಿಭಾಗದಲ್ಲಿ ಸೋತಿದ್ದೀರಿ ಎಂದೂ ತೋರಿಸುತ್ತದೆ. ರೋಗಿಯ ಮನಸ್ಸಿಗೆ ಸಂಬಂಧಿಸಿದ್ದರಲ್ಲಿ ಕಡಿಮೆ ಬಂದಿರಬಹುದು ಅಂದುಕೊಂಡಿದ್ದೆ. ನೋಡಿದರೆ ಕಡಿಮೆ ಬಂದದ್ದು ಚಿಕಿತ್ಸೆಯ ವಿಭಾಗದಲ್ಲಿ. ಕಿಮೋ ಕೊಡುವುದರಲ್ಲೇ.

ಎರಡನೇ ಸಲಕ್ಕೆಂದು ಮೊದಲ ಪುಟದಿಂದ ಓದತೊಡಗಿದೆ. ಒಂದು ರಾತ್ರಿ ಎಕ್ಸ್‌ಟ್ರಾವಸೇಷನ್ ಪಾಠ ಬಂತು. ಕೆಲವು ಕಿಮೋ ಔಷಧಗಳು ರಕ್ತನಾಳದ ಒಳಗಿದ್ದರೆ ಮದ್ದು, ಹೊರಗೆ ಸೋರಿ ಚರ್ಮದಡಿ ಸೇರಿದರೆ ಮಾಂಸವನ್ನೇ ಸುಡುತ್ತವೆ. ಹಾಗಾದಾಗ ಏನು ಮಾಡಬೇಕೆಂಬ ಪಟ್ಟಿ ಅಲ್ಲಿತ್ತು. ಡಾಕ್ಸೊರುಬಿಸಿನ್, ಅಂದರೆ ರೋಗಿಗಳ ಬಾಯಲ್ಲಿ ‘ಕೆಂಪು ಇಂಜೆಕ್ಷನ್’, ಸೋರಿದರೆ ತಂಪು ಇಡಬೇಕು. ರಕ್ತನಾಳ ಕುಗ್ಗಿ ಔಷಧ ಹರಡದೆ ಒಂದೆಡೆ ನಿಲ್ಲುತ್ತದೆ. ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಸೋರಿದರೆ ಬಿಸಿ ಇಡಬೇಕು. ರಕ್ತನಾಳ ಹಿಗ್ಗಿ, ಔಷಧ ಚದುರಿ ತೆಳುವಾಗಬೇಕು. ಅದಕ್ಕೆ ಐಸ್ ಇಟ್ಟರೆ ಗಾಯ ಇನ್ನೂ ಕೆಡುತ್ತದೆ.

ಬಿಸಿ ಬೇಡುವ ಈ ವಿಂಕಾ ಗುಂಪಿನ ಔಷಧಗಳು ಮೊದಲು ಸಿಕ್ಕಿದ್ದು ನಿತ್ಯಪುಷ್ಪದ ಗಿಡದಿಂದ. ಅಮ್ಮ ದಿನಾ ಬೆಳಿಗ್ಗೆ ಅಂಗಳದಲ್ಲಿ ಕೊಯ್ದು ದೇವರಿಗಿಡುವ ಹೂವು.

ಬೆಂಗಳೂರಿನ ನಮ್ಮ ವಾರ್ಡಿನಲ್ಲಿ ಏನು ಸೋರಿದರೂ ಐಸ್. ನಾನು ಸೇರಿದ ಹೊಸತರಲ್ಲಿ ಇನ್‌ಚಾರ್ಜ್ ಸಿಸ್ಟರ್ ಹಾಗೆ ಹೇಳಿಕೊಟ್ಟಿದ್ದರು, ಅವರಿಗೆ ಯಾರು ಹೇಳಿದ್ದರೋ. ನಾನು ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ.

ಗುಳೇದಗುಡ್ಡದ ಕಡೆಯ ನೇಕಾರರ ಹುಡುಗ ನೆನಪಾದ. ಇಪ್ಪತ್ತು ದಾಟಿರಲಿಲ್ಲ. ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್, ಎಬಿವಿಡಿ ಚಿಕಿತ್ಸೆ. ಅದರಲ್ಲಿ ಡಾಕ್ಸೊರುಬಿಸಿನ್ನೂ ಇದೆ, ವಿನ್‌ಬ್ಲಾಸ್ಟಿನ್ನೂ ಇದೆ. ಐಸ್ ಬೇಡುವುದು, ಬಿಸಿ ಬೇಡುವುದು ಎರಡೂ ಒಂದೇ ದಿನ ಒಂದೇ ಕೈಗೆ. ಅವನ ನರ ಸಿಗುವುದೇ ಕಷ್ಟವಿತ್ತು. ಬಲಗೈ ಬೆನ್ನಿನ ಮೇಲೆ ಕ್ಯಾನುಲಾ ಹಾಕಿದ್ದೆ. ವಿನ್‌ಬ್ಲಾಸ್ಟಿನ್ ಕೊಡುವಾಗ ‘ಸಿಸ್ಟರ್, ಕೈ ಉರಿಯಾಕತ್ತೈತ್ರಿ’ ಅಂದ. ನೋಡಿದರೆ ಊತ. ಸಿರಿಂಜಿನಿಂದ ಉಳಿದ ಔಷಧವನ್ನು ಹಿಂದಕ್ಕೆಳೆದುಕೊಂಡು ಆಮೇಲೆ ಕ್ಯಾನುಲಾ ತೆಗೆಯಬೇಕು. ನಾನು ಗಾಬರಿಯಲ್ಲಿ ಸರಕ್ಕನೆ ಕಿತ್ತು ಐಸ್ ಪ್ಯಾಕ್ ಒತ್ತಿಹಿಡಿದೆ.

‘ಐಸ್ ಇಟ್ಟ ಮ್ಯಾಲ ಜಾಸ್ತಿ ಆಗೇತ್ರಿ ಸಿಸ್ಟರ್’ ಅಂದ.

‘ಸ್ವಲ್ಪ ತಡ್ಕೊಳಪ್ಪ, ಕಡಿಮೆ ಆಗುತ್ತೆ’ ಅಂದೆ. ಮರುದಿನವೂ ಹೊತ್ತು ಹೊತ್ತಿಗೆ ಐಸ್ ಇಡಿಸಿದೆ. ನೋಟ್ಸ್‌ನಲ್ಲಿ ‘ಐಸ್ ಪ್ಯಾಕ್ ಇಡಲಾಗಿದೆ’ ಎಂದು ಬರೆದು, ಮಾಡಬೇಕಾದ್ದನ್ನೆಲ್ಲ ಮಾಡಿದ್ದೇನೆಂಬ ನಂಬಿಕೆಯಲ್ಲಿ ಸಹಿ ಹಾಕಿದೆ.

ಗುಳ್ಳೆ ಎದ್ದಿತು, ಚರ್ಮ ಕಪ್ಪಾಯಿತು, ಹುಣ್ಣು ಮಾಯಲು ತಿಂಗಳುಗಳೇ ಹಿಡಿದವು. ಕ್ಯಾನ್ಸರ್ ವಾಸಿಯಾಯಿತು. ಹೆಬ್ಬೆರಳು ಮಾತ್ರ ಪೂರ್ತಿ ಮಡಚಲು ಬರುತ್ತಿರಲಿಲ್ಲ. ಕೊನೆಯ ಸಲ ತೋರಿಸಲು ಬಂದಾಗ ‘ಲಾಳಿ ಹಿಡಿಯಾಕ ಬರವಲ್ದ್ರಿ, ಅಂಗಡ್ಯಾಗ ಕೆಲಸಕ್ಕ ಸೇರೇನಿ’ ಅಂದ. ಅವರವ್ವ ಒಂದು ಖಣ ಕೊಟ್ಟು ಕಳಿಸಿದ್ದರು. ‘ನನ್ನ ಮಗನ್ನ ಉಳಿಸಿದ ಸಿಸ್ಟರ್‌ಗೆ’ ಅಂದಿದ್ದರಂತೆ. ಅದನ್ನು ನಾನು ಸಂತೋಷದಿಂದಲೇ ತೆಗೆದುಕೊಂಡೆ. ಇಲ್ಲಿಗೂ ತಂದಿದ್ದೇನೆ. ಆ ರಾತ್ರಿ ಪುಸ್ತಕ ಮುಚ್ಚಿ, ಪೆಟ್ಟಿಗೆಯಿಂದ ಖಣ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಬಿಸಿ ಇಟ್ಟಿದ್ದರೆ ಆ ಕೈ ಉಳಿಯುತ್ತಿತ್ತೇ? ಖಚಿತವಾಗಿ ಯಾರೂ ಹೇಳಲಾರರು. ಅವನು ಉರಿ ಜಾಸ್ತಿ ಎಂದಾಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದು ಮಾತ್ರ ಖಚಿತ.

ಅದಕ್ಕಿಂತ ಹೆಚ್ಚು ಹೆದರಿಸಿದ್ದು ಇನ್ನೊಂದು ಯೋಚನೆ. ಆ ಹನ್ನೊಂದು ವರ್ಷಗಳಲ್ಲಿ ಎಷ್ಟು ಹೊಸ ಹುಡುಗಿಯರಿಗೆ ನಾನು ಇದನ್ನೇ ಕಲಿಸಿದೆ? ಬೆಳಗಾಗುವುದನ್ನು ಕಾಯದೆ, ನನ್ನ ಕೈಕೆಳಗೆ ಕಲಿತು ಈಗ ಬೇರೆ ಆಸ್ಪತ್ರೆಯಲ್ಲಿ ಇನ್‌ಚಾರ್ಜ್ ಆಗಿರುವ ಒಬ್ಬಳಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ. ವಿನ್‌ಕ್ರಿಸ್ಟಿನ್ ಸೋರಿದರೆ ಏನು ಮಾಡ್ತೀರಿ ಎಂದು ಕೇಳಿದೆ.

‘ಐಸ್ ಇಡ್ತೀವಿ ಅಕ್ಕಾ. ನೀವೇ ಹೇಳ್ಕೊಟ್ಟಿದ್ದಲ್ವಾ?’

ತಪ್ಪು ಹೇಳಿಕೊಟ್ಟಿದ್ದೆ ಅಂದೆ. ಆ ಕಡೆ ತುಂಬ ಹೊತ್ತು ಮಾತಿರಲಿಲ್ಲ. ಆಮೇಲೆ ಅವಳು ಕಾಗದ, ಪೆನ್ನು ತಂದಳು. ಆ ವಾರ ಗುರುತಿದ್ದ ಹದಿನಾರು ಜನರಿಗೆ ಫೋನ್ ಮಾಡಿದೆ. ಮೂವರಿಗೆ ಸರಿಯಾದದ್ದು ಮೊದಲೇ ಗೊತ್ತಿತ್ತು. ಅವರಲ್ಲಿ ಇಬ್ಬರು ನಾನು ಬೇಡವೆಂದ ಆ ಡಿಪ್ಲೊಮಾ ಮಾಡಿದವರು.

ಎರಡನೇ ಸಲ ಪಾಸಾದೆ. ನಾಲ್ಕು ವರ್ಷಕ್ಕೊಮ್ಮೆ ನವೀಕರಿಸಬೇಕು, ಮಾಡಿಸುತ್ತಿದ್ದೇನೆ. ನಮ್ಮ ದೇಶದಲ್ಲಿ ಆ ಡಿಪ್ಲೊಮಾಕ್ಕೆ ಒಂದು ವರ್ಷ ಬಿಡುವು ಸಿಗುವುದು ಎಷ್ಟು ಕಷ್ಟ, ಮುಗಿಸಿ ಬಂದವರಿಗೆ ಸಂಬಳ ಎಷ್ಟು ಏರುತ್ತದೆ ಎಂಬುದು ನನಗೆ ಗೊತ್ತು. ಆಸ್ಪತ್ರೆ ನಡೆಸುವವರು ನರ್ಸ್‌ಗಳನ್ನು ಸಂಬಳ ಕೊಟ್ಟು ಓದಲು ಕಳಿಸಬೇಕು, ಇದು ನರ್ಸ್ ಒಬ್ಬಳ ಆಸೆಗೆ ಬಿಡುವ ವಿಷಯವಲ್ಲ.

ಕಿಮೋ ವಾರ್ಡಿನಲ್ಲಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಓದುವ ಅವಕಾಶ ಬಂದರೆ ನನ್ನ ಹಾಗೆ ಬೇಡವೆನ್ನಬೇಡಿ. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ನಿಮ್ಮ ವಾರ್ಡಿನಲ್ಲಿ ಯಾವ ಔಷಧ ಸೋರಿದರೆ ಏನು ಮಾಡಬೇಕೆಂಬ ಪಟ್ಟಿ ಗೋಡೆಯ ಮೇಲಿದೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಡಾಕ್ಟರರನ್ನು ಕೇಳಿ ಬರೆಸಿಕೊಂಡು, ಇವತ್ತಿನ ಡ್ಯೂಟಿ ಮುಗಿಯುವುದರೊಳಗೆ ಅಂಟಿಸಿ. ರೋಗಿ ಉರಿ ಎಂದರೆ ಮೊದಲು ಇಂಜೆಕ್ಷನ್ ನಿಲ್ಲಿಸಿ.