ಅಮ್ಮನ ವಾಯ್ಸ್ ಮೆಸೇಜು ಮತ್ತು ನನ್ನ 2ಎಕ್ಸ್

ಕಳೆದ ವರ್ಷ ನಾನು 41 ಪುಸ್ತಕ 'ಓದಿದೆ'. ಕೊಕ್ಕೆ ಬೇಕಂತಲೇ ಹಾಕಿದ್ದೀನಿ, ಯಾಕಂದ್ರೆ ಒಂದನ್ನೂ ಕೈಯಲ್ಲಿ ಹಿಡಿದವನಲ್ಲ. ಎಲ್ಲವೂ ಆಡಿಯೋ ಬುಕ್, ಎಲ್ಲವೂ ಎರಡು ಪಟ್ಟು ವೇಗದಲ್ಲಿ. ವಿಜಯನಗರದಲ್ಲಿ ನೇರಳೆ ಮೆಟ್ರೋ ಹತ್ತಿ ವೈಟ್‌ಫೀಲ್ಡ್ ಕಡೆಯ ಆಫೀಸಿಗೆ ಹೋಗಿ ಬರೋದ್ರಲ್ಲಿ ದಿನಕ್ಕೆ ಎರಡೂವರೆ ಗಂಟೆ ಸಿಗುತ್ತೆ. 2ಎಕ್ಸ್‌ನಲ್ಲಿ ಕೇಳಿದರೆ ಅದು ಐದು ಗಂಟೆ. ಈ ಲೆಕ್ಕ ಇಡೋಕೆ ಒಂದು ಎಕ್ಸೆಲ್ ಶೀಟ್ ಬೇರೆ ಇತ್ತು.

ಈ ಚಟ ಶುರುವಾಗಿದ್ದು ಇಂಜಿನಿಯರಿಂಗ್ ಓದುವಾಗ. ಪರೀಕ್ಷೆಯ ಹಿಂದಿನ ರಾತ್ರಿ ಆರು ಗಂಟೆಯ ಲೆಕ್ಚರ್ ವಿಡಿಯೋ ಮೂರು ಗಂಟೆಯಲ್ಲಿ ಮುಗಿಸಬೇಕು ಅಂದ್ರೆ ಬೇರೆ ದಾರಿ ಇರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಟ್ರೈನಿಂಗ್ ವಿಡಿಯೋ, ಮೀಟಿಂಗ್ ರೆಕಾರ್ಡಿಂಗ್. ಮೊದಲು 1.25, ಆಮೇಲೆ 1.5, ಆಮೇಲೆ 2. ಖಾರ ತಿಂದು ಅಭ್ಯಾಸವಾದವನ ಹಾಗೆ, ಮಾಮೂಲಿ ವೇಗದಲ್ಲಿ ಯಾರಾದರೂ ಮಾತಾಡಿದರೆ ನಿದ್ದೆಗಣ್ಣಿನಲ್ಲಿ ಮಾತಾಡ್ತಿದ್ದಾರೇನೋ ಅನಿಸೋಕೆ ಶುರುವಾಯ್ತು. ಕೆಲವು ಆ್ಯಪ್‌ಗಳಲ್ಲಿ ಮಾತಿನ ನಡುವಿನ ಮೌನವನ್ನೇ ಕತ್ತರಿಸಿ ಹಾಕುವ ಸೆಟ್ಟಿಂಗ್ ಇರುತ್ತೆ. ನಾನು ಅದನ್ನೂ ಆನ್ ಮಾಡಿಟ್ಟಿದ್ದೆ.

ಮೊದಲು ಅನುಮಾನ ಬರಬೇಕಿದ್ದು 'ಕರ್ವಾಲೋ' ದಿನ. ತೇಜಸ್ವಿಯವರ ಕಾದಂಬರಿಯನ್ನು ಎರಡು ದಿನದ ಮೆಟ್ರೋದಲ್ಲಿ ಮುಗಿಸಿ, ತಿಪಟೂರಿಗೆ ಹೋದಾಗ ಅಪ್ಪನ ಮುಂದೆ ಜಂಬ ಕೊಚ್ಚಿಕೊಂಡೆ. ಅಪ್ಪ ರಿಟೈರ್ಡ್ ಮೇಷ್ಟ್ರು, ಆ ಪುಸ್ತಕವನ್ನು ನಾಲ್ಕೈದು ಸಲ ಓದಿದವರು. "ಕೊನೇಲಿ ಆ ಹಾರುವ ಓತಿ ಹೋದಾಗ ಏನನ್ನಿಸ್ತೋ?" ಅಂತ ಕೇಳಿದರು. ಓತಿ ಕಣಿವೆಯೊಳಗೆ ತೇಲಿ ಹೋಗಿದ್ದು ನನಗೆ ಗೊತ್ತಿತ್ತು. ಆದರೆ ಏನನ್ನಿಸ್ತು? ಇಂದಿರಾನಗರ ಸ್ಟೇಷನ್ ದಾಟಿ ಬೈಯಪ್ಪನಹಳ್ಳಿ ಬರೋಷ್ಟರಲ್ಲಿ ಅದು ಹಾರಿ, ಮಾಯವಾಗಿ, ಪುಸ್ತಕವೂ ಮುಗಿದು, ಆ್ಯಪ್ ಮುಂದಿನದನ್ನು ತೋರಿಸಿತ್ತು. "ಚೆನ್ನಾಗಿತ್ತು ಅಪ್ಪ" ಅಂದೆ. ಅಪ್ಪ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಮುಂದಿನ ಸಲ ಮಲೆಗಳಲ್ಲಿ ಮದುಮಗಳು ಕೇಳು, 2ಎಕ್ಸ್‌ನಲ್ಲಿ" ಅಂದರು. ಆ ಕಾದಂಬರಿಯ ಮೊದಲ ಪುಟ ತಿರುವಿದವರಿಗೆ ಈ ಕುಟುಕು ಅರ್ಥವಾಗುತ್ತೆ. ನನಗೆ ಅವತ್ತು ಆಗಲಿಲ್ಲ.

ಅನುಮಾನ ಬರಲಿಲ್ಲ ಬಿಡಿ. 2021ರಲ್ಲಿ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜನ್ನೂ ವೇಗವಾಗಿ ಕೇಳುವ ಸೌಲಭ್ಯ ಬಂದಾಗಿನಿಂದ ಅಮ್ಮನ ಮಾತೂ ನನಗೆ 2ಎಕ್ಸ್ ಆಗಿಹೋಗಿತ್ತು.

ಅಮ್ಮ ಟೈಪ್ ಮಾಡಲ್ಲ. ದಿನಾ ಸಂಜೆ ಒಂದು ಮೆಸೇಜ್, ಎರಡೂವರೆ ಮೂರು ನಿಮಿಷದ್ದು. ಅದರಲ್ಲಿ ಪಕ್ಕದ ಮನೆಯವರ ಗೃಹಪ್ರವೇಶ, ಕೊಬ್ಬರಿ ರೇಟು, ನಲ್ಲಿ ನೀರು, ನನ್ನ ಮದುವೆ ಎಲ್ಲಾ ಇರುತ್ತೆ. ಕಳೆದ ಶ್ರಾವಣದಲ್ಲಿ ಹೀಗೇ ಒಂದು ಬಂತು. ಮೆಟ್ರೋದಲ್ಲಿ ನಿಂತು, ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ಫೋನು, ಕಣ್ಣು ಆಫೀಸಿನ ಚಾಟ್ ಮೇಲೆ. ಕೇಳಿ ಮುಗಿಸಿ ಹೆಬ್ಬೆರಳಿನ ಎಮೋಜಿ ಒತ್ತಿದೆ.

ಹದಿನಾರು ದಿನ ಆದ ಮೇಲೆ ಬೆಳಿಗ್ಗೆ ಅಮ್ಮನ ಫೋನು. ಮೆಸೇಜ್ ಅಲ್ಲ, ಕಾಲ್. ಅಪ್ಪ ಹಿತ್ತಲಲ್ಲಿ ತಲೆ ಸುತ್ತಿ ಕುಸಿದು ಕೂತಿದ್ದರು. ಆಸ್ಪತ್ರೆಯಲ್ಲಿ ನೋಡಿದಾಗ ಬಿಪಿ ಮೇಲಿನದು 190. "ಮಾತ್ರೆ ತಗೋತಿಲ್ವಾ?" ಅಂತ ಡಾಕ್ಟರ್ ಕೇಳಿದ್ದಕ್ಕೆ ಅಪ್ಪ, "ಮಗ ಕಳಿಸ್ತಾನೆ, ಈ ಸಲ ಲೇಟಾಗಿದೆ" ಅಂದರಂತೆ.

ಅಪ್ಪನ ಮಾತ್ರೆ ಪ್ರತಿ ತಿಂಗಳು ನಾನೇ ಆನ್‌ಲೈನ್‌ನಲ್ಲಿ ಹಾಕೋದು. ಬಸ್ಸಿನಲ್ಲಿ ತಿಪಟೂರಿಗೆ ಹೋಗುವಾಗ ಹಳೇ ಮೆಸೇಜ್‌ಗಳನ್ನು ಹಿಂದಕ್ಕೆ ಹಿಂದಕ್ಕೆ ತಳ್ಳಿ, ಆ ಶ್ರಾವಣದ ಮೆಸೇಜ್ ತೆಗೆದು ಮಾಮೂಲಿ ವೇಗದಲ್ಲಿ ಹಾಕಿದೆ. ಗೃಹಪ್ರವೇಶದ ಊಟದ ವರ್ಣನೆ ಮುಗಿದ ಮೇಲೆ ಅಮ್ಮ ಸುಮ್ಮನಾಗ್ತಾಳೆ. ಎರಡು ಸೆಕೆಂಡ್ ಇರಬಹುದು. ಆಮೇಲೆ ದನಿ ತಗ್ಗಿಸಿ, ಅಪ್ಪನಿಗೆ ಕೇಳಿಸಬಾರದು ಅನ್ನೋ ಹಾಗೆ, "ನೀನು ಹಾಕಿದ್ದ ಮಾತ್ರೆ ಪಾರ್ಸೆಲ್ ಇನ್ನೂ ಬಂದಿಲ್ಲ ಕಣೋ, ನಾಕೇ ಉಳಿದಿರೋದು" ಅಂತಾಳೆ. ಮತ್ತೆ ಕೊಬ್ಬರಿ ರೇಟು.

ಅವತ್ತು ನನ್ನ ಕಿವಿಗೆ ಬಿದ್ದಿದ್ದು 'ಮಾತ್ರೆ', 'ಪಾರ್ಸೆಲ್', 'ಬಂದಿ...'. ಬಂದಿದೆ ಅಂದುಕೊಂಡೆ. ನಾನು ಒತ್ತಿದ ಹೆಬ್ಬೆರಳನ್ನು ನೋಡಿ ಅಮ್ಮ, ಸರಿ, ಮಗ ನೋಡ್ಕೋತಾನೆ ಅಂದುಕೊಂಡಳು. ಅಪ್ಪ ನಾನು ಚೆನ್ನಾಗೇ ಇದ್ದೀನಿ ಅಂತ ಓಡಾಡಿಕೊಂಡಿದ್ದರು. ಹನ್ನೆರಡು ದಿನ ಮಾತ್ರೆ ಇಲ್ಲದೆ.

ಅಪ್ಪ ಎರಡು ದಿನದಲ್ಲಿ ಮನೆಗೆ ಬಂದರು. ನಾನು ಮಾತ್ರ, ಇಂಜಿನಿಯರ್ ಬುದ್ಧಿ ನೋಡಿ, ಬಗ್ ಎಲ್ಲಿದೆ ಅಂತ ಹುಡುಕೋಕೆ ಕೂತೆ.

ಹಳೇ ಟೇಪ್‌ರೆಕಾರ್ಡರ್‌ನಲ್ಲಿ ಕ್ಯಾಸೆಟ್ ಜೋರಾಗಿ ಓಡಿಸಿದರೆ ದನಿ ಕೀರಲಾಗ್ತಿತ್ತು. ಫೋನಿನಲ್ಲಿ ಹಾಗಾಗಲ್ಲ. ಮಾತನ್ನು ಮಿಲಿಸೆಕೆಂಡ್‌ಗಳ ಚೂರು ಮಾಡಿ, ಕೆಲವನ್ನು ಬಿಟ್ಟು, ಉಳಿದಿದ್ದನ್ನು ಒಂದರ ಮೇಲೊಂದು ಜೋಡಿಸುತ್ತೆ. ಶ್ರುತಿ ಬದಲಾಗಲ್ಲ, ಸಮಯ ಕುಗ್ಗುತ್ತೆ. ಈ ಉಪಾಯ ಹೊಸದೇನಲ್ಲ. 1954ರಲ್ಲೇ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಗ್ರಾಂಟ್ ಫೇರ್‌ಬ್ಯಾಂಕ್ಸ್ ಮತ್ತು ಜೊತೆಗಾರರು ಟೇಪಿನಿಂದ ಇದೇ ಕೆಲಸ ಮಾಡುವ ಯಂತ್ರ ಮಾಡಿದ್ದರು. ಆಮೇಲೆ ಎಮರ್ಸನ್ ಫೌಲ್ಕ್ ಅನ್ನುವವರು, ಸ್ವತಃ ಕಣ್ಣು ಕಾಣದವರು, ಅಂಧರು ಪುಸ್ತಕವನ್ನು ಬೇಗ ಕೇಳಿ ಮುಗಿಸೋ ಹಾಗಾಗಲಿ ಅಂತ ವರ್ಷಗಟ್ಟಲೆ ಇದರ ಮೇಲೆ ಕೆಲಸ ಮಾಡಿದರು. ಅವರೂ ಥಾಮಸ್ ಸ್ಟಿಕ್ಟ್ ಅವರೂ 1969ರಲ್ಲಿ ಬರೆದದ್ದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ವೇಗ ಹೆಚ್ಚಿದರೂ ಬಿಡಿ ಪದಗಳು ಕಿವಿಗೆ ಸಿಕ್ತಾನೇ ಇರುತ್ತವೆ. ಆದರೆ ಇಂಗ್ಲಿಷ್‌ನಲ್ಲಿ ನಿಮಿಷಕ್ಕೆ ಸುಮಾರು 275 ಪದ ದಾಟಿದ ಮೇಲೆ ಒಟ್ಟು ಅರ್ಥ ಸರಸರನೆ ಇಳಿಯುತ್ತೆ. ಅಂದ್ರೆ ಎಲ್ಲಾ ಕೇಳಿಸ್ತಿದೆ ಅನ್ನೋ ಭಾವನೆ ಇರುತ್ತೆ, ಅರ್ಥ ಹೋಗಿರುತ್ತೆ.

ನನ್ನ ಪರವಾಗಿಯೂ ಸಾಕ್ಷಿ ಇದೆ, ಮುಚ್ಚಿಡಲ್ಲ. ಕ್ಯಾಲಿಫೋರ್ನಿಯಾದ ಯುಸಿಎಲ್‌ಎಯವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೆಕ್ಚರ್ ವಿಡಿಯೋವನ್ನು 2ಎಕ್ಸ್‌ವರೆಗೆ ನೋಡಿದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚೇನೂ ಹಿಂದೆ ಬೀಳಲಿಲ್ಲ. 2.5ಕ್ಕೆ ಹೋದಾಗ ಪೆಟ್ಟು ಬಿತ್ತು. ಆದರೆ ಅವರು ಪರೀಕ್ಷೆ ಇದೆ ಅಂತ ಗೊತ್ತಿದ್ದು ನೋಡಿದವರು. ನಾನು ಮೆಟ್ರೋದ ಹಿಡಿಗೆ ಜೋತುಬಿದ್ದು, ಚಾಟ್ ನೋಡ್ತಾ ಕೇಳಿದವನು.

ಜೊತೆಗೆ ನಮ್ಮ ಕನ್ನಡದ ಕಥೆಯೇ ಬೇರೆ. ಪದ ಎಣಿಸಿ ಪ್ರಯೋಜನ ಇಲ್ಲ. 'ಹೋಗಬೇಕಾಗಿತ್ತಲ್ಲ' ಅನ್ನೋ ಒಂದೇ ಪದದಲ್ಲಿ ಇಂಗ್ಲಿಷಿನ ನಾಲ್ಕೈದು ಪದ ತುಂಬಿದೆ. ಅದಕ್ಕಿಂತ ಮುಖ್ಯ, ನಮ್ಮಲ್ಲಿ ಹೌದೋ ಅಲ್ಲವೋ ಅನ್ನೋದು ವಾಕ್ಯದ ಬಾಲದಲ್ಲಿರುತ್ತೆ. ಬಂದಿದೆ, ಬಂದಿಲ್ಲ. ಮಾತಾಡುವಾಗ ನಾವು ಹೇಗೂ ಆ ಬಾಲವನ್ನು ಅರ್ಧ ನುಂಗ್ತೀವಿ. ಉಳಿದರ್ಧವನ್ನು 2ಎಕ್ಸ್ ನುಂಗುತ್ತೆ. ಇದಕ್ಕೆ ಯಾವ ಅಧ್ಯಯನವೂ ಇಲ್ಲ, ನನ್ನ ಮನೆಯ ಅನುಭವ ಅಷ್ಟೆ.

ನನಗೆ ಹೆಚ್ಚು ತಾಗಿದ್ದು ಇನ್ನೊಂದು. ಬ್ರಾಂಡೈಸ್ ವಿಶ್ವವಿದ್ಯಾಲಯದ ಆರ್ಥರ್ ವಿಂಗ್‌ಫೀಲ್ಡ್ ಮತ್ತು ಸಂಗಡಿಗರು 1999ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವೇಗ ಮಾಡಿದ ಮಾತನ್ನು ಹಾಗೇ ಬಿಟ್ಟು, ವಾಕ್ಯಗಳು ಸಹಜವಾಗಿ ಒಡೆಯುವ ಕಡೆ ಮಾತ್ರ ಮೌನವನ್ನು ವಾಪಸ್ ಸೇರಿಸಿದರು. ಕೇಳಿದವರ ನೆನಪು ಚೇತರಿಸಿಕೊಂಡಿತು. ಯುವಕರಲ್ಲಿ ಪೂರ್ತಿ, ವಯಸ್ಸಾದವರಲ್ಲಿ ಒಂದಷ್ಟು. ನಾನು ಸೆಟ್ಟಿಂಗ್ ಹಾಕಿ ಕತ್ತರಿಸಿ ಬಿಸಾಕಿದ್ದು ಇದನ್ನೇ. ಓದಿದಾಗ ನೆನಪಾಗಿದ್ದು ಚಿಕ್ಕಂದಿನಲ್ಲಿ ಅಪ್ಪ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ತಿದ್ದ ಗಮಕ. ವಾಚನ ಮಾಡುವವರು ಕುಮಾರವ್ಯಾಸನ ಒಂದು ಪದ್ಯ ರಾಗವಾಗಿ ಓದಿ ನಿಲ್ಲಿಸೋರು. ವ್ಯಾಖ್ಯಾನ ಮಾಡುವವರು ನಿಧಾನವಾಗಿ ಅರ್ಥ ಹೇಳೋರು. ನಾನು ಆಗ ಪ್ರಸಾದ ಯಾವಾಗ ಕೊಡ್ತಾರೆ ಅಂತ ಕಾಯ್ತಿದ್ದೆ. ಆದರೂ ದ್ರೌಪದಿ ಸಭೆಯಲ್ಲಿ ಕೇಳಿದ ಪ್ರಶ್ನೆ ಇವತ್ತಿಗೂ ನೆನಪಿದೆ. 41 ಪುಸ್ತಕದಲ್ಲಿ ಹತ್ತರ ಕಥೆ ಹೇಳು ಅಂದ್ರೆ ತಡವರಿಸ್ತೀನಿ.

ಹಾಗಂತ 2ಎಕ್ಸ್ ಬಿಟ್ಟಿಲ್ಲ. ಮೀಟಿಂಗ್ ರೆಕಾರ್ಡಿಂಗ್‌ಗಳಿಗೆ ಅದು ವರದಾನ, ನಮ್ಮ ಮ್ಯಾನೇಜರ್ ಇದನ್ನು ಓದದಿದ್ದರೆ ಸಾಕು. ಗೊತ್ತಿರೋ ವಿಷಯದ ಪುಸ್ತಕ 1.5ರಲ್ಲಿ ಓಡುತ್ತೆ. ಕಥೆ, ಕಾದಂಬರಿ ಮಾತ್ರ 1ಕ್ಕೆ ಬಂದಿದೆ. ಈ ವರ್ಷ ಇಲ್ಲಿವರೆಗೆ ಒಂಬತ್ತು ಆಗಿದೆ. ಎಕ್ಸೆಲ್ ಶೀಟ್ ಮುಚ್ಚಿದ್ದೀನಿ ಅಂತ ಹೇಳೋ ಆಸೆ, ಆದರೆ ಒಂಬತ್ತು ಅನ್ನೋ ಲೆಕ್ಕ ಅದರಿಂದಲೇ ಬಂದಿದ್ದು.

ದೀಪಾವಳಿಗೆ ಹೋದಾಗ ಅಪ್ಪನ ಫೋನಿಗೂ ಆ್ಯಪ್ ಹಾಕಿಕೊಟ್ಟೆ. ಕೈ ಅಭ್ಯಾಸಕ್ಕೆ 1.25 ಆಗಿಬಿಟ್ಟಿತ್ತು. ಎರಡು ನಿಮಿಷ ಕೇಳಿ ಅಪ್ಪ ಇಯರ್‌ಫೋನ್ ಕಿತ್ತು, "ಇವನಿಗೇನೋ ಬಸ್ಸಿಗೆ ಹೊತ್ತಾಯ್ತಾ?" ಅಂದರು. ಸರಿ ಮಾಡಿಕೊಟ್ಟೆ.

ಅಮ್ಮನ ಮೆಸೇಜ್ ಈಗ ಮನೆ ತಲುಪಿದ ಮೇಲೆ, ಅನ್ನಕ್ಕಿಟ್ಟು ಕೇಳ್ತೀನಿ. ನಿನ್ನೆಯದು ಮೂರು ನಿಮಿಷ ಹನ್ನೆರಡು ಸೆಕೆಂಡ್. ನಡುವೆ "ರೀ, ಮೋಟರ್ ಆಫ್ ಮಾಡಿ" ಅಂತ ಕೂಗಿ, ಅಪ್ಪ ಏನೋ ಅಂದು, ಅವಳು "ಏನ್ ಹೇಳ್ತಿದ್ದೆ ನಾನು" ಅಂತ ತನ್ನನ್ನೇ ಕೇಳಿಕೊಂಡು, ಅದು ನೆನಪಾಗದೆ ಬೇರೆ ಏನೋ ಶುರು ಮಾಡಿದಳು. ಹೇಳಬೇಕಂದಿದ್ದು ಏನು ಅಂತ ಫೋನ್ ಮಾಡಿ ಕೇಳಿದೆ. ಕರಿಬೇವಿನ ಗಿಡ ಚಿಗುರಿದೆಯಂತೆ.