ಲಾರಿಯ ಅಪ್ಪಯ್ಯ

ಹಿರಿಯರು ಗತಿಸಿದ ಬಳಿಕ ಅವರ ಗುಣಕಥನವನ್ನು ಪತ್ರಿಕೆಗಳಲ್ಲಿ ಬರೆಯುವುದು ನಮ್ಮೊಳಗೆ ವಾಡಿಕೆಯಾಗಿದೆ. ಪಂಡಿತರು, ವಕೀಲರು, ಧರ್ಮದರ್ಶಿಗಳು ಮೊದಲಾದವರಿಗೆ ಈ ಗೌರವವು ಸಲ್ಲುವುದು ಯುಕ್ತವೇ. ಆದರೆ ನಮ್ಮ ಮಾಡಿನ ಹೆಂಚನ್ನೂ ಅಡುಗೆಯ ಅಕ್ಕಿಯನ್ನೂ ರಾತ್ರಿಯೆಲ್ಲ ನಿದ್ದೆಗೆಟ್ಟು ತಂದವರನ್ನು ಕುರಿತು ಬರೆದುದನ್ನು ನಾನು ಕಂಡುದು ಕಡಿಮೆ. ಹಾಗೆ ದುಡಿದವರಲ್ಲಿ ನಮ್ಮ ಅಪ್ಪಯ್ಯನವರೂ ಒಬ್ಬರು. ಅವರು ತೀರಿಕೊಂಡು ಎರಡು ವರ್ಷಗಳಾದುವು. ಮಗನು ತಂದೆಯನ್ನು ಹೊಗಳುವುದರಲ್ಲಿ ಏನು ವಿಶೇಷವೆಂದು ವಾಚಕರು ಎಣಿಸಬಾರದು. ನಾನಿಲ್ಲಿ ಹೇಳಹೊರಟಿರುವುದು ನನ್ನದೊಂದು ತಪ್ಪನ್ನು.

ನಮ್ಮ ಮನೆ ಮರವಂತೆಯಿಂದ ಬಡಗಲಿಗೆ, ಬೈಂದೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ರಸ್ತೆ. ಆ ಸೊಬಗನ್ನು ನೋಡಲು ದೂರದ ಜನರು ಬರುತ್ತಾರೆ. ನಮಗಾದರೋ ಅದು ಅಪ್ಪಯ್ಯ ಹೋಗುವ ದಾರಿ, ಅಪ್ಪಯ್ಯ ಬರುವ ದಾರಿ, ಅಷ್ಟೆ. ನಾವು ಬಲ್ಲ ಹೆದ್ದಾರಿ 17, 2010ರಲ್ಲಿ 66 ಆಯಿತು. ಅಪ್ಪಯ್ಯನವರು ಕೊನೆಯ ವರೆಗೂ ಅದನ್ನು ಹದಿನೇಳೆಂದೇ ಕರೆಯುತ್ತಿದ್ದರು.

ಅರುವತ್ತರ ದಶಕದಲ್ಲಿ, ಮೀಸೆ ಮೂಡುವ ಮೊದಲೇ, ಅವರು ಬ್ರಹ್ಮಾವರದ ಧಣಿಯೊಬ್ಬರ ಲಾರಿಯಲ್ಲಿ ಕ್ಲೀನರಾಗಿ ಸೇರಿದರು. ಗಾಡಿ ತೊಳೆದು, ಚಕ್ರಕ್ಕೆ ಕಲ್ಲುಕೊಟ್ಟು, ಕಲಿತು, ಚಾಲಕರಾದರು. ಹೆಂಚುಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸಾಲುಸಾಲಿನ ನಡುವೆ ಹುಲ್ಲು ತುರುಕಿ, ಘಟ್ಟದ ಮೇಲಕ್ಕೆ ಒಯ್ಯುವುದು. ಅಲ್ಲಿಂದ ಅಕ್ಕಿ, ಬೆಲ್ಲ ಹೇರಿಕೊಂಡು ಇಳಿಯುವುದು. ಆಗುಂಬೆಯ 14 ತಿರುವುಗಳು ಭಾರದ ಗಾಡಿಗೆ ಒಗ್ಗುವವಲ್ಲ. ಆದುದರಿಂದ ಅವರ ದಾರಿ ಸಿದ್ದಾಪುರ, ಹೊಸಂಗಡಿಗಳ ಮೇಲಾಗಿ ಬಾಳೆಬರೆ ಘಟ್ಟವೇ. 1980ರ ದಶಕದಲ್ಲಿ ವಾರಾಹಿ ವಿದ್ಯುತ್ ಯೋಜನೆಯ ಕೆಲಸ ಸಾಗುತ್ತಿದ್ದಾಗ ಆ ದಾರಿಯಲ್ಲೇ ಸಿಮೆಂಟನ್ನೂ ಹೊತ್ತರು. ನಮ್ಮಲ್ಲಿ ದೀಪ ಆರಿಹೋದ ದಿನ ತಂಗಿಯು ಗೊಣಗಿದರೆ, "ನಾನ್ ಕೊಟ್ಟ ಸಿಮೆಂಟಂಗೆ ಕೊರತಿ ಇರ್ಲಿಲ್ಲೆ" ಎಂದು ನಗುತ್ತಿದ್ದರು.

ತಮ್ಮ ವಿದ್ಯೆಯನ್ನೆಲ್ಲ ಅವರು ಒಂದೇ ಮಾತಿನಲ್ಲಿ ಹೇಳುತ್ತಿದ್ದುದುಂಟು: "ಹತ್ತಿದ ಗಿಯರಂಗೇ ಇಳಿಕ್." ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿದರೆ ಅದು ಕಾಯ್ದು ಕೈಕೊಡುವುದು, ಹತ್ತುವಾಗ ಹಾಕಿದ ಸಣ್ಣ ಗಿಯರಿನಲ್ಲಿಯೇ ಇಳಿದರೆ ಎಂಜಿನ್ನು ತಾನೇ ಗಾಡಿಯನ್ನು ತಡೆದು ಹಿಡಿಯುವುದು. ಅವಸರದಿಂದ ಘಟ್ಟ ಇಳಿದ ಎಷ್ಟೋ ಜತೆಗಾರರನ್ನು ಅವರು ಕಳೆದುಕೊಂಡಿದ್ದರು. "ಬೇಗ ಹೋಪುದ್ ದೊಡ್ಡದಲ್ಲ, ಮನಿಗೆ ಬಪ್ಪುದ್ ದೊಡ್ಡದ್" ಎಂಬುದು ಅವರ ಇನ್ನೊಂದು ಮಾತು.

1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದುಡಿಮೆಯನ್ನು ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ವಿಧಿಸಿತ್ತು. ಆದರೆ ಐದು ಮಂದಿಗಿಂತ ಕಡಿಮೆ ಕೆಲಸಗಾರರಿದ್ದ ಧಣಿಗಳಿಗೆ ಅದು ತಾನಾಗಿ ತಾಗುತ್ತಿರಲಿಲ್ಲ. ಅಪ್ಪಯ್ಯನವರ ಗಡಿಯಾರ ಬೇರೆಯೇ ಇತ್ತು. ಮುಂಬಯಿಗೆ ಹೋದರೆ ವಾರಗಟ್ಟಲೆ ಸುದ್ದಿಯಿಲ್ಲ. ತಂಗಿ ಹುಟ್ಟಿದಾಗ ಅವರು ದಾರಿಯಲ್ಲಿದ್ದರು. ಅಜ್ಜಯ್ಯ ತೀರಿಕೊಂಡಾಗಲೂ ದಾರಿಯಲ್ಲಿದ್ದರು. ಊರ ಗದ್ದೆಯಲ್ಲಿ ಮಂದಾರ್ತಿ ಮೇಳದ ಆಟವಾದರೆ ಉಳಿದ ಮಕ್ಕಳು ತಂದೆಯ ತೊಡೆಯ ಮೇಲೆ ನಿದ್ದೆಹೋಗುವರು; ನಾವು ಅಬ್ಬಿಯ ಸೆರಗಿನಲ್ಲಿ. ಮನೆಯ ಎದುರು ಬಂದಾಗ ಅವರು ಎರಡು ಸಲ ಹಾರನ್ ಹೊಡೆಯುತ್ತಿದ್ದರು. ಎಷ್ಟೇ ಅಪರಾತ್ರಿಯಾಗಲಿ, ಅಬ್ಬಿ ಎದ್ದು ಒಲೆ ಹೊತ್ತಿಸುವಳು. ಮಳೆಗಾಲದ ಕಡಲಿನ ಮೊರೆತದಲ್ಲಿ ಹಾರನ್ನು ಕೇಳಿಸದು. ಆ ತಿಂಗಳುಗಳಲ್ಲಿ ಅವಳು ಸರಿಯಾಗಿ ನಿದ್ರಿಸಿದುದನ್ನು ನಾನು ಕಾಣೆ.

ಇನ್ನು ನನ್ನ ತಪ್ಪು. ನಾನು ಕುಂದಾಪುರದಲ್ಲಿ ಕಾಲೇಜು ಸೇರಿದ ವರ್ಷ. ಒಂದು ಬೆಳಿಗ್ಗೆ ಅಪ್ಪಯ್ಯನವರಿಗೆ ಪೇಟೆಯೊಳಗೆ ಹೆಂಚು ಇಳಿಸುವುದಿತ್ತು. ನನ್ನನ್ನೂ ಲಾರಿಯಲ್ಲಿ ಕೂರಿಸಿಕೊಂಡರು. ಕಾಲೇಜಿನ ಬಾಗಿಲ ವರೆಗೂ ಮಗನನ್ನು ಬಿಡಬೇಕೆಂಬ ಆಸೆ ಅವರ ಮುಖದಲ್ಲಿ ಕಾಣುತ್ತಿತ್ತು. ಶಾಸ್ತ್ರಿ ಸರ್ಕಲ್ ಬರುತ್ತಲೇ ನಾನು, "ಇಲ್ಲೇ ಇಳಿತೆ ಅಪ್ಪಯ್ಯ" ಎಂದೆನು. ಅವರು ನನ್ನ ಇಸ್ತ್ರಿಯ ಅಂಗಿಯನ್ನು ನೋಡಿದರು, ತಮ್ಮ ಖಾಕಿಯನ್ನು ನೋಡಿಕೊಂಡರು, ಗಾಡಿ ನಿಲ್ಲಿಸಿದರು. ಕಾರಣವನ್ನು ಕೇಳಲಿಲ್ಲ. ಆ ಮೇಲೆ ಮೂರು ವರ್ಷಗಳಲ್ಲಿ ಎಷ್ಟು ಸಲ ಜತೆಯಾಗಿ ಹೋದೆವೋ ಅಷ್ಟು ಸಲವೂ ನಾನು ಹೇಳುವ ಮೊದಲೇ ಅಲ್ಲಿ ಗಾಡಿ ನಿಲ್ಲುತ್ತಿತ್ತು. ಬಯ್ದಿದ್ದರೆ ನನ್ನ ಋಣ ತೀರುತ್ತಿತ್ತೋ ಏನೋ. ಕಾಲೇಜಿನ ಶುಲ್ಕವನ್ನು ಆ ಖಾಕಿಯ ಜೇಬಿನಿಂದಲೇ ತೆಗೆದು ಕೊಡುತ್ತಿದ್ದರೆಂಬುದು ಆಗ ನನಗೆ ತೋರಲಿಲ್ಲ.

1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ತಿಯಾಯಿತು. ಮರುವರ್ಷ ಲಾರಿಗಳನ್ನೇ ರೈಲಿನ ಮೇಲೆ ಹೇರಿ ಒಯ್ಯುವ ಏರ್ಪಾಡೂ ಬಂದಿತು. "ಲಾರಿಯೇ ಮನಿಕಂಡ್ ಹೋಪು ಕಾಲ ಬಂತ್, ಇನ್ನ್ ನಾನೂ ಮನಿಕಂಬ್ಲಕ್" ಎಂದು ಅವರು ಕೆಲವು ಕಾಲದಲ್ಲಿಯೇ ಕೆಲಸ ಬಿಟ್ಟರು. ಆದರೆ ಮಲಗಿದವರಿಗೆ ನಿದ್ದೆಯೆಲ್ಲಿ? ನಡುರಾತ್ರಿ ಹೆದ್ದಾರಿಯ ಸದ್ದನ್ನು ಆಲಿಸಿ, "ಭಾರ ಹೆಚ್ಚಾಯ್ತ್" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವರು. ಹಗಲಲ್ಲಿ ತೆಂಗಿಗೆ ನೀರು ಕಟ್ಟುವರು, ಮೊಮ್ಮಕ್ಕಳನ್ನು ಶಾಲೆಗೆ ಒಯ್ಯುವರು, ಅಬ್ಬಿಗೆ ಕಾಯಿ ತುರಿದುಕೊಡುವರು. ಮೂವತ್ತೈದು ವರ್ಷ ತಪ್ಪಿಸಿಕೊಂಡ ಮನೆಯನ್ನು ಅವರು ಸಣ್ಣ ಗಿಯರಿನಲ್ಲಿ, ಒಂದಿಷ್ಟೂ ಅವಸರವಿಲ್ಲದೆ, ಅನುಭವಿಸಿದರು.

ಕೊನೆಯ ಕಾಲದಲ್ಲಿ ಒಮ್ಮೆ ಅವರನ್ನು ವೈದ್ಯರ ಬಳಿಗೆ ಕುಂದಾಪುರಕ್ಕೆ ನನ್ನ ಕಾರಿನಲ್ಲಿ ಕರೆದೊಯ್ದೆನು. ಅಂದು ಊರಿಗೆ ಬಂದಿದ್ದ ನನ್ನ ಮೇಲಧಿಕಾರಿಗಳೂ ಜತೆಯಲ್ಲಿದ್ದರು. ಶಾಸ್ತ್ರಿ ಸರ್ಕಲ್ ಬರುತ್ತಲೇ ಅಪ್ಪಯ್ಯನವರು ಹಿಂದಿನಿಂದ ನನ್ನ ಭುಜವನ್ನು ಮುಟ್ಟಿ, "ಇಲ್ಲೇ ಇಳಿತೆ ಮಾಣಿ" ಎಂದರು. ಅವರ ದನಿಯಲ್ಲಿ ಕುತ್ತಿಲ್ಲ, ಕೊಂಕಿಲ್ಲ, ಮಗನಿಗೆ ಅನುಕೂಲವಾಗಲೆಂಬುದೊಂದೇ. ನನ್ನ ಕಣ್ಣು ಮಂಜಾಯಿತು. ನಾನು ಗಾಡಿ ನಿಲ್ಲಿಸಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅವರ ಕೈಹಿಡಿದು ಇಳಿಸಿ, ಅಧಿಕಾರಿಗಳಿಗೆ, "ಇವರು ನಮ್ಮ ಅಪ್ಪಯ್ಯ. ಲಾರಿ ಬಿಟ್ಟು ನನ್ನನ್ನು ಓದಿಸಿದವರು" ಎಂದೆನು. ಮೂವತ್ತು ವರ್ಷ ತಡವಾದ ಮಾತು.

ಅಪ್ಪಯ್ಯನವರು ಆಗ ಏನೂ ಹೇಳಲಿಲ್ಲ. ಸಂಜೆ ಮನೆಯ ಅಂಗಳದಲ್ಲಿ ಕಾರಿನಿಂದ ಇಳಿಯುವಾಗ, ಬಾಗಿಲನ್ನು ಮೆಲ್ಲನೆ ಮುಚ್ಚಿ, "ಈಗ ಗಾಡಿ ಬಿಡುಕೆ ಬಂತ್, ಮಾಣಿ" ಎಂದರು.

ಈಗಲೂ ರಾತ್ರಿ ಯಾವುದೋ ಲಾರಿ ನಮ್ಮ ಮನೆಯ ಎದುರು ಹಾರನ್ ಹೊಡೆದರೆ ಅಬ್ಬಿ ಎದ್ದು ಕೂರುತ್ತಾಳೆ. ಮತ್ತೆ ಮಲಗೆಂದು ನಾವು ಹೇಳುವುದಿಲ್ಲ. ಸ್ವಲ್ಪ ಹೊತ್ತು ಅವಳೊಡನೆ ಕುಳಿತಿರುತ್ತೇವೆ.