ಹುಲಿಗೆ ಬೆಲೆಯಿದೆ, ಕನ್ನಡಕ್ಕಿಲ್ಲ

ಅಪ್ಪ ಕೂಡಿಟ್ಟ ಸರ್ಕಸ್ ಕಾಗದಗಳನ್ನು ಮಾರಲೇಬೇಕಾಗಿದೆ. ಅಟ್ಟದಲ್ಲಿಟ್ಟರೆ ಗೆದ್ದಲು, ಕೆಳಗಿಟ್ಟರೆ ಥಂಡಿ. ಇನ್ನೊಂದು ಮಳೆಗಾಲ ತಾಳುವುದು ಕಷ್ಟ. ಮಾರುವುದಕ್ಕೆ ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ತಲಶ್ಶೇರಿಯಿಂದ ಬಂದ ವ್ಯಾಪಾರಿ ನಮ್ಮ ಜಗಲಿಯಲ್ಲಿ ಕೂತು, ಭಾಷೆ ನೋಡಿ ಎರಡು ರಾಶಿ ಮಾಡತೊಡಗಿದಾಗ ಮಾತ್ರ ಮೈಯೆಲ್ಲ ಉರಿಯಿತು.

ಹುಲಿ ಸಿಂಹಗಳ ಪೋಸ್ಟರಿಗೆ ಒಳ್ಳೆ ಬೆಲೆ ಹೇಳಿದರು. ಅವುಗಳ ಪ್ರದರ್ಶನವನ್ನು 1998ರಲ್ಲಿ ಕೇಂದ್ರ ಸರಕಾರ ನಿಷೇಧಿಸಿ, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ಅವು ಡೇರೆಯೊಳಗೆ ಕಾಣಿಸುವುದಿಲ್ಲವಲ್ಲ. ಮಲೆಯಾಳ ನೋಟೀಸಿಗೂ ಬೆಲೆ. ಕನ್ನಡದವನ್ನು ನನ್ನ ಕಡೆ ಸರಿಸಿ, "ಇದು ನಿಮ್ಮಲ್ಲೇ ಇರಲಿ ಮಾಷೇ, ನಮ್ಮಲ್ಲಿ ಯಾರು ಓದುತ್ತಾರೆ?" ಎಂದರು.

ಅಪ್ಪ ಕಾಸರಗೋಡಿನ ಪ್ರೆಸ್ಸೊಂದರಲ್ಲಿ ಮೊಳೆ ಜೋಡಿಸುತ್ತಿದ್ದವರು. ಎರಡೂ ಭಾಷೆಯ ಮೊಳೆಪೆಟ್ಟಿಗೆ ಅವರ ಕೈಗೆ ಪಾಠವಾಗಿತ್ತು. ಗಿಳಿಹಸಿರು ಬಣ್ಣದ ಒಂದು ನೋಟೀಸು ನೋಡಿ: ಮೇಲಿನಿಂದ ಆರು ಕಡೆ 'ಸರ್ಕಸ್' ಎಂದಿದೆ, ಕೊನೆಯ ಸಾಲಿನಲ್ಲಿ 'ಸರಕಸ್'. ಪೆಟ್ಟಿಗೆಯಲ್ಲಿ ಅರ್ಕಾವೊತ್ತು ಮುಗಿದಿತ್ತು, ಟ್ರೆಡಲ್ ಕಾಯುತ್ತಿತ್ತು. ಅಪ್ಪನ ಕೈ ನನಗೆ ಅಲ್ಲಿ ಕಾಣುತ್ತದೆ. ಅದಕ್ಕೆ ಬೆಲೆಯಿಲ್ಲವಂತೆ.

ತಲಶ್ಶೇರಿಯವರ ಅಭಿಮಾನ ನನಗೂ ಪ್ರಿಯವೇ. ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಚಿರಕ್ಕರದಲ್ಲಿ ಸರ್ಕಸ್ ಶಾಲೆ ತೆರೆಯದಿದ್ದರೆ ಭಾರತದ ಸರ್ಕಸ್ಸಿನ ಚರಿತ್ರೆಯೇ ಬೇರೆಯಾಗುತ್ತಿತ್ತು. 1951ರಲ್ಲಿ ಜೆಮಿನಿ ಸರ್ಕಸ್ ಕಟ್ಟಿದ ಎಂ.ವಿ. ಶಂಕರನ್ ಕೂಡ ಆ ಕಡೆಯವರೇ. ಆದರೆ ಆ ಡೇರೆಗಳು ಬದುಕಿದ್ದು ಯಾರ ದುಡ್ಡಿನಲ್ಲಿ? ಹುಬ್ಬಳ್ಳಿ, ದಾವಣಗೆರೆ, ಮೈಸೂರಿನ ಮೈದಾನಗಳಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬಂದು ಗ್ಯಾಲರಿ ತುಂಬಿಸಿದವರೂ ಈ ಚರಿತ್ರೆಯ ಪಾಲುದಾರರು. ಅವರನ್ನು ಕರೆದದ್ದು ಕನ್ನಡದ ನೋಟೀಸು.

ನಮ್ಮವರೂ ಕಮ್ಮಿಯಿಲ್ಲ. ಮಂಗಳೂರಿನ ಸಂಸ್ಥೆಯೊಂದಕ್ಕೆ ಫೋನು ಮಾಡಿದೆ. ಯಕ್ಷಗಾನದ್ದಾದರೆ ತನ್ನಿ, ಸರ್ಕಸ್ಸಿಗೆ ನಮ್ಮಲ್ಲಿ ಜಾಗವಿಲ್ಲ ಎಂದರು. ಕನ್ನಡ ಅಕ್ಷರ ಗಡಿಯಾಚೆ ಅಚ್ಚಾದರೆ ಅನಾಥವೇ?

ವ್ಯಾಪಾರಿಯ ಜೊತೆ ಒಬ್ಬ ಮುದುಕರು ಬಂದಿದ್ದರು. ಟ್ರಪೀಸ್ ಆಡುತ್ತಿದ್ದವರಂತೆ; ಬಲಭುಜ ಈಗಲೂ ಪೂರ್ತಿ ಮೇಲೇಳುವುದಿಲ್ಲ. ಅಷ್ಟು ಹೊತ್ತು ಸುಮ್ಮನಿದ್ದವರು ನನ್ನ ಕಡೆ ತಿರುಗಿ, "ಸಿಟ್ಟಾಗಬ್ಯಾಡ್ರಿ ಮಾಸ್ತರ, ಹುಬ್ಬಳ್ಳಿ ಮಂದಿ ನಮಗ ಭಾಳ ಅನ್ನ ಹಾಕ್ಯಾರ" ಎಂದುಬಿಟ್ಟರು. ಡೇರೆಯಿಂದ ಡೇರೆಗೆ ಅಲೆಯುತ್ತ ಕಲಿತ ಕನ್ನಡ. ಕಾಸರಗೋಡಿನಲ್ಲೇ ವರ್ಷಗಟ್ಟಲೆ ಸಂಬಳ ಎಣಿಸುವ ಗುಮಾಸ್ತರೊಬ್ಬರು ಮೊನ್ನೆ ನನ್ನ ಕನ್ನಡ ಅರ್ಜಿಯನ್ನು ಮುಟ್ಟದೆ ಹಿಂದೆ ತಳ್ಳಿದ್ದರು. ಕಲಿಯುವ ಮನಸ್ಸಿದ್ದವರಿಗೆ ಡೇರೆಯೇ ಶಾಲೆಯಾಗುತ್ತದೆ. ಇಲ್ಲದವರಿಗೆ ಸರಕಾರದ ಆದೇಶವೂ ನಾಟುವುದಿಲ್ಲ.

ಆಗ ಇನ್ನೊಂದು ತೊಡಕು ಎದ್ದಿತು. ಕೆಲವು ನೋಟೀಸುಗಳಲ್ಲಿ ಮುಂದೆ ಮಲೆಯಾಳ, ಹಿಂದೆ ಕನ್ನಡ. ಅವನ್ನು ಯಾವ ರಾಶಿಗೆ ಹಾಕುವುದು? ವ್ಯಾಪಾರಿ ತಮ್ಮ ಕಡೆಗೇ ಎಳೆದುಕೊಂಡರು, ಫ್ರೇಮು ಹಾಕಿಸಿ ಮಾರುತ್ತಾರಂತೆ. ಹಾಗಾದರೆ ಕನ್ನಡ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಎಲ್ಲವೂ ಒಟ್ಟಿಗೆ ಹೋಗಬೇಕು, ಇಲ್ಲದಿದ್ದರೆ ಒಂದು ಚೀಟಿಯೂ ಇಲ್ಲ ಎಂದೆ. ಎರಡೂ ಕಡೆ ಗಾಜು ಹಾಕಿಸಬಹುದಲ್ಲ ಎಂದು ಮುದುಕರೇ ದಾರಿ ತೋರಿಸಿದರು. ಖರ್ಚು ಹೆಚ್ಚಾಗುತ್ತದೆ ಎಂದು ವ್ಯಾಪಾರಿ ಇನ್ನೂ ಗೊಣಗುತ್ತಿದ್ದಾರೆ. ಎರಡನೆಯ ಗಾಜಿನ ದುಡ್ಡನ್ನು ನನಗೆ ಕೊಡುವುದರಲ್ಲೇ ಮುರಿದುಕೊಳ್ಳಿ ಎಂದಿದ್ದೇನೆ.